ನಾಳೆ ಟೈಲರ್ ಬಟ್ಟೆ ಕೊಟ್ಟ ದಿನ

ಹೇಳಿದ ದಿನಕ್ಕೆ ಬಟ್ಟೆ ಕೊಡುವ ಟೈಲರ್ ಇನ್ನೂ ಹುಟ್ಟಿಲ್ಲ ಎಂದು ಬಟ್ಟೆ ಹೊಲಿಸಿದವರೆಲ್ಲ ಹೇಳುತ್ತಾರೆ. ಆ ಬೀದಿಯ ಟೈಲರಂತೂ ಈ ವಿದ್ಯೆಯಲ್ಲಿ ಪಳಗಿದ ಕೈ. ಮೂವತ್ತು ವರ್ಷದಿಂದ ಯಾರು ಬಂದು ಕೇಳಿದರೂ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ "ನಾಳೆ" ಅನ್ನುತ್ತಿದ್ದ. ಮದುವೆಗೆಂದು ಅಳತೆ ಕೊಟ್ಟ ಕೋಟು ಮೊದಲ ಮಗು ನಡೆಯಲು ಕಲಿತ ಮೇಲೆ ಕೈಸೇರಿದ ಉದಾಹರಣೆಯೂ ಉಂಟು. ಜನ ಬೈಯುತ್ತಿದ್ದರು, ಬೇರೆಯವರ ಹತ್ತಿರ ಹೋಗುತ್ತೇವೆ ಎಂದು ಹೆದರಿಸುತ್ತಿದ್ದರು, ಹೋಗುತ್ತಿರಲಿಲ್ಲ. ಅವನ ಕತ್ತರಿ ಬಿದ್ದ ಬಟ್ಟೆ ಮೈಮೇಲೆ ಕೂರುವ ಹಾಗೆ ಇನ್ನಾರದೂ ಕೂರುತ್ತಿರಲಿಲ್ಲ. ಕೊನೆಗೆ ಸಿಟ್ಟೂ ಪ್ರೀತಿಯೂ ಕೂಡಿ ಅವನಿಗೆ ನಾಳೆ ಟೈಲರ್ ಎಂದೇ ಹೆಸರು ನಿಂತಿತು.

ಅಂಥ ನಾಳೆ ಟೈಲರ್ ಒಂದು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ, ಎರಡು ದೊಡ್ಡ ಚೀಲ ಹೊತ್ತುಕೊಂಡು, ಮಾನಸಿಕ ಆರೋಗ್ಯ ಕೇಂದ್ರದ ಮೆಟ್ಟಿಲು ಹತ್ತಿದ. ಅವನಿಗೆ ಅದು ಹೊಸ ಜಾಗವೇನಲ್ಲ. ಮೂರು ವರ್ಷದ ಹಿಂದೆ, ಹೆಂಡತಿ ಸತ್ತ ಮೇಲೆ ಮನಸ್ಸು ಕೈಕೊಟ್ಟು, ಸಾವಿನ ಬಾಗಿಲವರೆಗೆ ಹೋಗಿ ವಾಪಸಾಗಿದ್ದ. ಆಗಿನಿಂದ ತಿಂಗಳಿಗೆ ಎರಡು ಸಲ ಅಲ್ಲಿಗೆ ಬರುತ್ತಿದ್ದ. ಆವತ್ತು ಚೀಲದಿಂದ ಒಂದೊಂದೇ ತೆಗೆದು ಹಂಚಿದ. ಶನಿವಾರ ಬರುವ ಡಾಕ್ಟರ ಪ್ಯಾಂಟು, ಮಾತ್ರೆ ಕೊಡುವ ಕಿಟಕಿಯ ಹೆಂಗಸಿನ ಲಂಗ, ಮುಖ್ಯಸ್ಥೆಯ ಕೋಣೆಗೆ ಪರದೆ. ಎಲ್ಲವೂ ಇಸ್ತ್ರಿಯಾಗಿ, ಮಡಿಕೆ ಕೆಡದ ಹಾಗೆ ದಾರದಲ್ಲಿ ಕಟ್ಟಿದ್ದವು.

"ಸೂರ್ಯ ಇವತ್ತು ಯಾವ ಕಡೆ ಹುಟ್ಟಿದ ನೋಡ್ರಪ್ಪಾ!" ಎಂದು ಕಿಟಕಿಯ ಹೆಂಗಸು ಕೂಗಿದಳು. ಸಾಲಿನಲ್ಲಿ ಕೂತವರೆಲ್ಲ ನಕ್ಕರು. ಟೈಲರನೂ ನಕ್ಕ. ಗಡ್ಡ ನುಣ್ಣಗೆ ಕೆರೆದಿತ್ತು, ಅಂಗಿಯ ಕಾಲರು ಗರಿಗರಿಯಾಗಿತ್ತು.

ಕೊನೆಗೆ ಚೀಲದ ತಳದಿಂದ ಬೂದುಬಣ್ಣದ ಕೋಟೊಂದನ್ನು ತೆಗೆದು ಜೊತೆಗಾರ್ತಿಯ ಕೈಗಿಟ್ಟ.

"ತಗೋ ತಂಗಿ. ಲೈನಿಂಗ್ ಹೊಸದು ಹಾಕಿದೀನಿ. ಎಡಗಡೆ ಜೇಬು ತೂತಾಗಿತ್ತು, ಅದನ್ನೂ ಹೊಲಿದೆ."

"ಜೇಬಿನ ವಿಷಯ ನಾನು ಹೇಳೇ ಇರಲಿಲ್ಲವಲ್ಲ ಅಣ್ಣಾ."

"ಹೇಳಲಿಲ್ಲ ಅಂತ ತೂತು ಬಿಟ್ಟು ಕೊಡಕ್ಕಾಗುತ್ತಾ?" ಎಂದು ಅವಳ ಭುಜ ತಟ್ಟಿ, ಖಾಲಿ ಚೀಲಗಳನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದ.

ಜೊತೆಗಾರ್ತಿ ಎಂದರೆ ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ತಾನೇ ಒಮ್ಮೆ ಮನಸ್ಸಿನ ಕಾಯಿಲೆಯಲ್ಲಿ ಬಿದ್ದು, ಎದ್ದು, ಆಮೇಲೆ ತರಬೇತಿ ಪಡೆದು, ಇನ್ನೂ ಬಿದ್ದಿರುವವರ ಪಕ್ಕದಲ್ಲಿ ಹೋಗಿ ಕೂರುವ ಕೆಲಸ ಅದು. ಹಾವಿನ ಹೆಜ್ಜೆ ಹಾವೇ ಬಲ್ಲದು ಎಂಬ ಗಾದೆಗೆ ಸರ್ಕಾರ ಸಂಬಳ ಕೊಟ್ಟ ಹಾಗೆ. ಅವಳು ನಾಲ್ಕು ವರ್ಷದಿಂದ ಆ ಕೆಲಸದಲ್ಲಿದ್ದಳು, ಕೆಲಸ ಚೆನ್ನಾಗಿಯೇ ಮಾಡುತ್ತಿದ್ದಳು.

ಕೈತೊಳೆಯುವ ಕೋಣೆಗೆ ಹೋಗಿ, ಕೋಟು ತೊಟ್ಟು ಕನ್ನಡಿ ನೋಡಿಕೊಂಡಳು. ಎಡ ಜೇಬಿಗೆ ಕೈ ಹಾಕಿದಳು. ಹೊಲಿಗೆ ಬೆರಳಿಗೆ ತಾಗಿತು. ಆ ಕ್ಷಣದಲ್ಲಿ ಟೈಲರ್ ಹಿಂದೊಮ್ಮೆ ಹೇಳಿದ ಮಾತೊಂದು ನೆನಪಾಯಿತು.

ಕೇಂದ್ರದಲ್ಲಿ ಒಂದು ಪದ್ಧತಿಯಿತ್ತು. ಆರೋಗ್ಯ ಚೆನ್ನಾಗಿರುವಾಗಲೇ ಪ್ರತಿಯೊಬ್ಬರೂ ಒಂದು ಹಾಳೆ ಬರೆದಿಡಬೇಕು. ಕಾಯಿಲೆ ಮತ್ತೆ ಬರುವಾಗ ನನ್ನಲ್ಲಿ ಮೊದಲು ಏನು ಬದಲಾಗುತ್ತದೆ, ಆಗ ಯಾರನ್ನು ಕರೆಯಬೇಕು, ಯಾರನ್ನು ಕರೆಯಕೂಡದು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆಯಬೇಕು, ತಿದ್ದಬಾರದು, ಅದೊಂದೇ ನಿಯಮ. ಆರು ತಿಂಗಳ ಹಿಂದೆ ಟೈಲರ ಕೈ ಮಾತ್ರೆಯಿಂದ ನಡುಗುತ್ತಿತ್ತು. ಪೆನ್ನಿರಲಿ, ಸೂಜಿಗೆ ದಾರ ಪೋಣಿಸಲೂ ಆಗುತ್ತಿರಲಿಲ್ಲ. ಅದಕ್ಕೆ ಅವನು ಹೇಳಿದ, ಅವಳು ಬರೆದಳು. ಊಟ ಬಿಡ್ತೀನಿ. ಗಡ್ಡ ಬಿಡ್ತೀನಿ. ರೇಡಿಯೋ ಹಾಕಲ್ಲ. ಅಷ್ಟಾದ ಮೇಲೆ ಅವನು ಕಣ್ಣು ಮಿಟುಕಿಸಿ, "ಇನ್ನೊಂದು ಬರ್ಕೋ ತಂಗಿ. ನಾನು ಹೇಳಿದ ದಿನಕ್ಕೆ ಎಲ್ಲರ ಬಟ್ಟೆ ಕೊಟ್ಟುಬಿಟ್ರೆ, ಟೈಲರ್ ಕಥೆ ಮುಗೀತು ಅಂತ ತಿಳ್ಕೊಳ್ಳಿ" ಅಂದಿದ್ದ.

ಅವಳು ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕಿದ್ದಳು. ಬರೆದುಕೊಂಡಿರಲಿಲ್ಲ.

ಈಗ ಕಡತದ ಬೀರು ತೆಗೆದು ಅವನ ಹಾಳೆಯನ್ನು ಎರಡು ಸಲ ಓದಿದಳು. ಮೂರೇ ಸಾಲು. ಇಲ್ಲದ ನಾಲ್ಕನೆಯ ಸಾಲನ್ನು ದಿಟ್ಟಿಸುತ್ತ ನಿಂತಳು. ಆಗ ಮರುವಾರ ತಪಾಸಣೆಗೆ ಬರಲಿದ್ದವರ ಕಣ್ಣಿಗೆ ಹಾಳೆ ಅಚ್ಚುಕಟ್ಟಾಗಿ ಕಾಣಲಿ ಎಂದು ಆವತ್ತು ಅವಳು ಅಲ್ಲಿಗೇ ಗೆರೆ ಎಳೆದಿದ್ದಳು. ಆ ಗೆರೆಯೂ ಅಲ್ಲೇ ಇತ್ತು, ಸ್ಕೇಲಿಟ್ಟು ಎಳೆದದ್ದು.

ಮುಖ್ಯಸ್ಥೆ ಕುರ್ಚಿಯ ಮೇಲೆ ನಿಂತು ಹೊಸ ಪರದೆ ಹಾಕುತ್ತಿದ್ದರು.

"ಮೇಡಂ, ಟೈಲರಣ್ಣನ ಅಂಗಡಿಗೆ ಈಗಲೇ ಹೋಗಬೇಕು."

"ಈಗ ತಾನೇ ಬಂದು ಹೋದ್ರಲ್ಲ. ಏನಾಯ್ತು?"

"ಎಲ್ಲರ ಬಟ್ಟೆನೂ ಕೊಟ್ಟುಬಿಟ್ರು."

ಹೇಳಿದ ಮೇಲೆ ಆ ಮಾತು ಎಷ್ಟು ವಿಚಿತ್ರವಾಗಿದೆ ಎಂದು ಅವಳ ಕಿವಿಗೇ ಗೊತ್ತಾಯಿತು. ಮುಖ್ಯಸ್ಥೆ ಮೆಲ್ಲನೆ ಕುರ್ಚಿಯಿಂದ ಇಳಿದರು. ಕೆಟ್ಟವರಲ್ಲ, ಹದಿನಾರು ವರ್ಷ ಈ ಕೆಲಸ ಮಾಡಿ, ಯಾವುದಕ್ಕೂ ಹಾರಿ ಬೀಳಬಾರದು ಎಂದು ಕಲಿತವರು. ಸಮಾಧಾನವಾಗಿಯೇ ಹೇಳಿದರು. ಒಂದು ತಿಂಗಳಿನಿಂದ ಡಾಕ್ಟರು ಟೈಲರ ಮಾತ್ರೆ ಕಡಿಮೆ ಮಾಡಿದ್ದಾರೆ. ಕೈನಡುಕ ನಿಂತಿದೆ. ಕೈ ನೆಟ್ಟಗಾದ ಮೇಲೆ ಬಾಕಿ ಕೆಲಸ ಮುಗಿಸಿದ್ದಾರೆ, ಸಂತೋಷಪಡಬೇಕಾದ ವಿಷಯ. ಹಾಳೆ ತರಿಸಿ ನೋಡಿದರು. ಗಡ್ಡ ಕೆರೆದಿದೆ. ಊಟ? ಕಳೆದ ವಾರ ತೂಕ ಹೆಚ್ಚಾಗಿತ್ತು.

"ಇನ್ನೊಂದು ಹೇಳಿದ್ರು ಮೇಡಂ. ನಾನು ತಮಾಷೆ ಅಂದ್ಕೊಂಡು ಬರೀಲಿಲ್ಲ."

ಮುಖ್ಯಸ್ಥೆ ಅವಳ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತು ನೋಡಿದರು. "ರಾತ್ರಿ ಎಷ್ಟು ಗಂಟೆ ಮಲಗಿದ್ರಿ?"

ಈ ಪ್ರಶ್ನೆಯನ್ನು ಡಾಕ್ಟರಿಗೆ ಯಾರೂ ಕೇಳುವುದಿಲ್ಲ. ಡಾಕ್ಟರು ಕೂಗಾಡಿದರೆ ಅದು ಕಾಳಜಿ. ಜೊತೆಗಾರ್ತಿ ದನಿ ಏರಿಸಿದರೆ ಅದು ಲಕ್ಷಣ. ಅವಳಿಗೆ ಸಿಟ್ಟು ನೆತ್ತಿಗೇರಿತು. ಸಿಟ್ಟು ಕೂಡ ಲಕ್ಷಣವೇ ಎಂದು ನೆನಪಾಗಿ ದನಿ ತಗ್ಗಿಸಿದಳು.

"ಹಲ್ಲುನೋವು. ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ."

"ಮೂರು ದಿನ," ಎಂದು ಮುಖ್ಯಸ್ಥೆ ಮೆತ್ತಗೆ ಅಂದು, ಫೋನ್ ತೆಗೆದು, ಇಬ್ಬರಿಗೂ ಕೇಳುವ ಹಾಗೆ ಟೈಲರಿಗೆ ಕರೆ ಮಾಡಿದರು. ಎರಡೇ ರಿಂಗಿಗೆ ಅವನು ಎತ್ತಿದ. ಹಿಂದೆ ರೇಡಿಯೋ ಹಾಡುತ್ತಿತ್ತು.

"ನಾನಾ? ಆರಾಮಾಗಿದೀನಿ ಮೇಡಂ. ಪರದೆ ಉದ್ದ ಸರಿಹೋಯ್ತಾ?"

ಫೋನ್ ಇಟ್ಟು ಮುಖ್ಯಸ್ಥೆ ಅವಳ ಕೈ ಹಿಡಿದುಕೊಂಡರು. "ಶನಿವಾರ ಡಾಕ್ಟರ್ ಬಂದಾಗ ಅವರ ವಿಷಯ ಮಾತಾಡೋಣ. ನೀವು ಈಗ ಮನೆಗೆ ಹೋಗಿ ಮಲ್ಕೊಳ್ಳಿ. ಇದು ವಿನಂತಿ ಅಲ್ಲ, ಆರ್ಡರ್."

ಅವಳು ಹೊರಗಿನ ಮೆಟ್ಟಿಲ ಮೇಲೆ ಬಂದು ಕೂತಳು. ಕಾಲು ತನ್ನಷ್ಟಕ್ಕೆ ತಾನೇ ಕುಣಿಯುತ್ತಿತ್ತು. ಓಡಿ ಹೋಗಿಬಿಟ್ಟರೆ ಅಂಗಡಿ ಹತ್ತು ನಿಮಿಷದ ದಾರಿ. ಹಾಗೆ ಓಡಿದ ಅನುಭವವೂ ಅವಳಿಗಿತ್ತು, ಅದೇ ತೊಂದರೆ. ಏಳು ವರ್ಷದ ಹಿಂದೆ, ಅವಳಿಗೆ ಕಾಯಿಲೆ ಏರಿದಾಗ, ಕೆಳಗಿನ ಮನೆಯ ಮುದುಕಿ ಒಳಗೆ ಸಾಯುತ್ತಿದ್ದಾಳೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಎರಡು ಸಲ ಪೊಲೀಸರನ್ನು ಕರೆಸಿದಳು. ಮೂರನೆಯ ಸಲ ತಾನೇ ಹೋಗಿ ಬಾಗಿಲು ಮುರಿದಳು. ಮುದುಕಿ ಸಾಬೂನು ಹಚ್ಚಿದ ಕೈಯಲ್ಲಿ ಓಡಿಬಂದು, ಗಾಬರಿಯಲ್ಲಿ ಜಾರಿ ಬಿದ್ದು, ಮಣಿಕಟ್ಟು ಮುರಿದುಕೊಂಡಳು. ಆವತ್ತಿನ ಖಾತ್ರಿಯೂ ಇವತ್ತಿನ ಖಾತ್ರಿಯೂ ಎದೆಯಲ್ಲಿ ಒಂದೇ ಥರ ಹೊಡೆದುಕೊಳ್ಳುತ್ತವೆ. ಇದು ಕಣ್ಣಿಗೆ ಕಂಡದ್ದೋ ಕಾಯಿಲೆ ಕಟ್ಟಿದ್ದೋ ಎಂದು ತಿಳಿಯಲು ಎದೆಯೊಳಗೆ ಬೇರೆ ಗುರುತು ಇರುವುದಿಲ್ಲ. ಇದನ್ನು ಯೋಚಿಸಿದರೆ ಅವಳಿಗೆ ಈಗಲೂ ಅಳು ಬರುತ್ತಿತ್ತು.

ಅಕ್ಕನಿಗೆ ಫೋನ್ ಮಾಡಿದಳು. ಅಕ್ಕ ಶಾಲೆಯೊಂದರ ಆಫೀಸಿನಲ್ಲಿ ಗುಮಾಸ್ತೆ. ತಂಗಿಯ ಹಾಳೆ ಅಕ್ಕನ ಪರ್ಸಿನಲ್ಲಿ ಸದಾ ಇರುತ್ತಿತ್ತು. ಭಾವನಿಗಂತೂ ಅದು ಬಾಯಿಪಾಠ. ಇಸ್ಪೀಟಿನಲ್ಲಿ ಸೋಲುವಾಗೆಲ್ಲ "ನೋಡು, ಬೇಗಬೇಗ ಮಾತಾಡ್ತಿದೀಯಾ, ಎರಡನೇ ಸಾಲು" ಎಂದು ಕಾಡುತ್ತಿದ್ದರು.

"ಅಕ್ಕಾ, ನನ್ನ ಹಾಳೆ ತೆಗಿ. ಓದು."

ಅಕ್ಕ ಯಾಕೆ ಎಂದು ಕೇಳಲಿಲ್ಲ. ಪರ್ಸಿನ ಜಿಪ್ಪು ಎಳೆದ ಸದ್ದು ಬಂತು. "ಒಂದು, ನಿದ್ದೆ ಬಿಡ್ತೀನಿ."

"ಬಿಟ್ಟಿದೀನಿ."

"ಎರಡು, ಬೇಗಬೇಗ ಮಾತಾಡ್ತೀನಿ."

"ಹೂಂ."

"ಮೂರು, ಯಾರೋ ಸಾಯ್ತಿದಾರೆ, ನನಗೊಬ್ಬಳಿಗೇ ಗೊತ್ತು ಅಂತೀನಿ. ಆಗ ನನ್ನ ಮಾತು ನಂಬಬೇಡಿ." ಅಕ್ಕನ ದನಿ ತಗ್ಗಿತು. "ಅದೂನಾ?"

"ಅದೂ."

"ನಾಲ್ಕು, ಒಬ್ಬಳೇ ಹೊರಟುಬಿಡ್ತೀನಿ."

"ಇನ್ನೂ ಹೊರಟಿಲ್ಲ ಅಕ್ಕಾ. ಮೆಟ್ಟಿಲ ಮೇಲೆ ಕೂತಿದೀನಿ."

"ನಿನಗೆ ಕಂಡಿದ್ದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ ಕಣೆ," ಅಂದಳು ಅಕ್ಕ. "ಮೂರು ನಿನ್ನ ಕೈ ಮೀರಿ ಆಗಿವೆ. ನಾಲ್ಕನೇದು ನಿನ್ನ ಕೈಲಿದೆ. ಒಬ್ಬಳೇ ಹೋಗಬೇಡ. ಯಾರನ್ನಾದ್ರೂ ಎಳ್ಕೊಂಡು ಹೋಗು. ಯಾರೂ ಬರಲಿಲ್ಲ ಅಂದ್ರೆ ನಾನು ಬರ್ತೀನಿ, ಆದ್ರೆ ಒಂದು ಗಂಟೆ ಬೇಕು."

ಒಂದು ಗಂಟೆ ಅವಳ ಹತ್ತಿರ ಇರಲಿಲ್ಲ. ಎದ್ದು ಮತ್ತೆ ಒಳಗೆ ಹೋದಳು. ಮುಖ್ಯಸ್ಥೆಯ ಎದುರು ನಿಂತು, ಒಂದೊಂದೇ ಮಾತನ್ನು ನಿಧಾನವಾಗಿ ಇಟ್ಟಳು.

"ಮೇಡಂ, ನನಗೆ ಮತ್ತೆ ಶುರುವಾಗಿರಬಹುದು. ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ, ಒಪ್ಕೋತೀನಿ. ಆದ್ರೆ ಕಾಮಾಲೆ ಆದವಳ ಎದುರಿಗೆ ಒಂದು ದಿನ ನಿಜವಾಗ್ಲೂ ಹಳದಿ ಬಟ್ಟೆನೇ ಬರಬಾರದು ಅಂತೇನಿಲ್ಲವಲ್ಲ? ನನ್ನನ್ನ ನಾಳೆ ದೊಡ್ಡಾಸ್ಪತ್ರೆಗೆ ಕರ್ಕೊಂಡು ಹೋಗಿ ತೋರಿಸಿ. ಕೆಲಸದಿಂದ ತೆಗೀಬೇಕು ಅನ್ನಿಸಿದ್ರೆ ತೆಗೀರಿ. ಅವರನ್ನ ಮಾತ್ರ ಇವತ್ತೇ ನೋಡೋಣ. ಒಬ್ಬಳೇ ಹೋಗಬಾರದು ಅಂತ ನನ್ನ ಹಾಳೇಲಿದೆ. ಜೊತೆಗೆ ಬನ್ನಿ."

ಮುಖ್ಯಸ್ಥೆ ಗಡಿಯಾರ ನೋಡಿದರು, ಮೇಜಿನ ಮೇಲಿನ ಕಾಗದ ನೋಡಿದರು, ಅವಳನ್ನು ನೋಡಿದರು. ಆಮೇಲೆ ಕೈಚೀಲ ಎತ್ತಿಕೊಂಡರು.

ಇಬ್ಬರೂ ಬಿರುಸಾಗಿ ನಡೆದರು. ಅಂಗಡಿಯ ಶಟರು ಅರ್ಧ ಇಳಿದಿತ್ತು. ಒಳಗೆ ರೇಡಿಯೋ ಹಾಡುತ್ತಿತ್ತು. "ಅಣ್ಣಾ," ಎಂದು ಕೂಗಿದಳು. ಉತ್ತರವಿಲ್ಲ. ಇನ್ನೊಮ್ಮೆ ಜೋರಾಗಿ ಕೂಗಿ ಶಟರು ಬಡಿದಳು. ಒಳಗೆ ಹಾಡು ಮುಗಿದು ಜಾಹೀರಾತು ಶುರುವಾಯಿತು. ಮುರಿದ ಬಾಗಿಲು, ಸಾಬೂನಿನ ಕೈ, ನೆಲದ ಮೇಲೆ ಬಿದ್ದ ಮುದುಕಿ, ಎಲ್ಲ ಕಣ್ಣಮುಂದೆ ಬಂದು ಅವಳ ಕೈ ಶಟರಿನ ಮೇಲೆಯೇ ನಿಂತುಹೋಯಿತು. ಮುಖ್ಯಸ್ಥೆಯೇ ಬಗ್ಗಿ ಒಳಗೆ ನುಸುಳಿದರು. ಅವಳು ಹಿಂದೆಯೇ ನುಸುಳಿದಳು.

ಗೋಡೆಯಿಂದ ಗೋಡೆಗೆ ಹೋಗುವ ಕಬ್ಬಿಣದ ಸರಳು, ಯಾವಾಗಲೂ ಕೋಟು, ಲಂಗ, ಪ್ಯಾಂಟುಗಳ ಭಾರಕ್ಕೆ ಬಾಗಿರುತ್ತಿದ್ದದ್ದು, ಇವತ್ತು ಬರಿದಾಗಿತ್ತು. ನೆಲ ಗುಡಿಸಿತ್ತು, ಒಂದು ತುಂಡು ದಾರವೂ ಇರಲಿಲ್ಲ. ಹೊಲಿಗೆ ಯಂತ್ರಕ್ಕೆ ಎಣ್ಣೆ ಹಾಕಿ, ಬಟ್ಟೆ ಸುತ್ತಿ, ಹಗ್ಗ ಕಟ್ಟಿತ್ತು. ಹಿಂದಿನ ಕೋಣೆಯ ಬಾಗಿಲಲ್ಲಿ ಟೈಲರ್ ಇಸ್ತ್ರಿಪೆಟ್ಟಿಗೆ ಹಿಡಿದು ನಿಂತಿದ್ದ. ಮೇಜಿನ ಮೇಲೆ ಅವನದೇ ಬಿಳಿ ಅಂಗಿ ಹಾಸಿತ್ತು.

"ಅರೆ, ಬನ್ನಿ ಬನ್ನಿ! ಪರದೆ ಗಿಡ್ಡ ಆಯ್ತಾ ಮೇಡಂ?"

ಮುಖ್ಯಸ್ಥೆಗೆ ನಾಚಿಕೆಯಾಯಿತು. "ಇಲ್ಲ ಇಲ್ಲ, ಹೀಗೇ ಈ ಕಡೆ ಬಂದಿದ್ವಿ," ಎಂದು ಒಂದು ಹೆಜ್ಜೆ ಹಿಂದಿಟ್ಟರು. ಟೈಲರ್ ನಗುತ್ತಲೇ ಇಸ್ತ್ರಿ ಮುಂದುವರಿಸಿದ. ಇನ್ನೊಂದು ನಿಮಿಷ ಕಳೆದಿದ್ದರೆ ಮೂವರೂ ಹವಾಮಾನದ ಮಾತಾಡಿ, ಕೈ ಬೀಸಿ, ಬೇರೆಯಾಗುತ್ತಿದ್ದರು.

ಅವಳು ಗಿರಾಕಿಗಳ ಸ್ಟೂಲಿನ ಮೇಲೆ ಕೂತಳು. ತರಬೇತಿಯಲ್ಲಿ ಹೇಳಿಕೊಟ್ಟದ್ದು ಒಂದೇ. ಸುತ್ತಿ ಬಳಸಿ ಕೇಳಬೇಡಿ, ನೇರ ಕೇಳಿ.

"ಅಣ್ಣಾ, ಸಾಯಬೇಕು ಅಂತ ಇದೀರಾ?"

"ಅಯ್ಯೋ ಹುಚ್ಚೀ," ಅಂದ ಟೈಲರ್. ಹೇಳಿದವನೇ ತುಟಿ ಕಚ್ಚಿಕೊಂಡ. "ಯಾಕೆ ಹಾಗೆ ಕೇಳ್ತೀಯಾ?"

"ಹೇಳಿದ ದಿನಕ್ಕೆ ಬಟ್ಟೆ ಕೊಟ್ರಿ."

ಇಸ್ತ್ರಿಪೆಟ್ಟಿಗೆ ನಿಂತಿತು. ಅಂಗಿಯ ಮೇಲೆಯೇ ನಿಂತಿತು. ಮೂವತ್ತು ವರ್ಷದಲ್ಲಿ ಒಬ್ಬರ ಬಟ್ಟೆಯನ್ನೂ ಸುಡದ ಆ ಅಂಗಡಿಯಲ್ಲಿ ಸುಟ್ಟ ವಾಸನೆ ಎದ್ದಿತು. ಮುಖ್ಯಸ್ಥೆ ಮುಂದೆ ಹೋಗಿ ಪೆಟ್ಟಿಗೆಯನ್ನು ಅವನ ಕೈಯಿಂದ ತೆಗೆದು ಪಕ್ಕಕ್ಕಿಟ್ಟರು.

"ನೀನು ಅದನ್ನ ಬರ್ಕೊಳ್ಳಲಿಲ್ಲ," ಅಂದ ಟೈಲರ್.

"ಇಲ್ಲ."

"ನಕ್ಕುಬಿಟ್ಟೆ."

"ಹೌದು. ನಕ್ಕೆ."

"ಆವತ್ತು ನಾನು ಹೇಳಿದ್ದರಲ್ಲಿ ಅದೊಂದೇ ನಿಜ ತಂಗಿ. ಗಡ್ಡ, ಊಟ, ರೇಡಿಯೋ, ಅವೆಲ್ಲ ನಿಮಗೆ ಬೇಕಿತ್ತು ಅಂತ ಹೇಳಿದ್ದು. ಒಂದು ನಿಜ ಹೇಳಿ ನೋಡೋಣ ಅಂತ ಹೇಳ್ದೆ. ನಿನ್ನ ಪೆನ್ನು ಅಲ್ಲಾಡಲಿಲ್ಲ. ಸರಿ, ಈ ಬಾಗಿಲು ಯಾರೂ ಕಾಯಲ್ಲ ಅಂತ ಗುರುತು ಇಟ್ಕೊಂಡೆ."

"ತಪ್ಪಾಯ್ತು ಅಣ್ಣಾ," ಅಂದಳು. ಅದಕ್ಕಿಂತ ದೊಡ್ಡ ಮಾತು ಅವಳ ಹತ್ತಿರ ಇರಲಿಲ್ಲ.

ಟೈಲರ್ ಗೋಡೆಗೆ ಒರಗಿ ನೆಲದ ಮೇಲೆ ಕುಸಿದು ಕೂತ. "ಬೇರೆಯವರ ಬಟ್ಟೆ ಒಳಗಿಟ್ಕೊಂಡು ಹೋಗಕ್ಕಾಗಲ್ಲ. ಅವರು ಬಂದು ಬಾಗಿಲು ಬಡೀತಾರೆ, ಪಾಪ, ಯಾರನ್ನ ಕೇಳ್ತಾರೆ? ಮೊದಲು ಸೋಮಾರಿತನಕ್ಕೆ ನಾಳೆ ಅಂತಿದ್ದೆ. ಅವಳು ಹೋದ ಮೇಲೆ, ಈ ಮೂರು ವರ್ಷ, ಉಳ್ಕೊಳ್ಳಕ್ಕೆ ನಾಳೆ ಅಂತಿದ್ದೆ. ಕೈ ನಡುಗ್ತಿದ್ದಾಗ ಎಷ್ಟೋ ಚೆನ್ನಾಗಿತ್ತು. ಕೆಲಸ ಮುಗೀತಾನೇ ಇರಲಿಲ್ಲ."

"ಇವತ್ತಾ ಅಣ್ಣಾ?"

"ಇವತ್ತೇ. ಅಂಗಿ ಇಸ್ತ್ರಿ ಆದ ಮೇಲೆ." ಹೇಳಿ ಮುಖ ಮುಚ್ಚಿಕೊಂಡು, ಚಿಕ್ಕ ಮಕ್ಕಳ ಹಾಗೆ ಬಿಕ್ಕಿಬಿಕ್ಕಿ ಅತ್ತ.

ಅವಳು ಹೋಗಿ ನೆಲದ ಮೇಲೆ ಪಕ್ಕದಲ್ಲಿ ಕೂತಳು. ಅವನು ಅತ್ತು ಮುಗಿಸುವವರೆಗೆ ಯಾರೂ ಸಮಾಧಾನ ಹೇಳಲಿಲ್ಲ. ಆಮೇಲೆ ಅವನು ತಾನಾಗಿಯೇ ಡ್ರಾಯರಿನ ಕಡೆ ಬೆರಳು ತೋರಿಸಿದ. ಮುಖ್ಯಸ್ಥೆ ಅಲ್ಲಿದ್ದ ಪೊಟ್ಟಣವನ್ನು ತೆಗೆದು ಕೈಚೀಲಕ್ಕೆ ಹಾಕಿಕೊಂಡರು. ದೊಡ್ಡಾಸ್ಪತ್ರೆಗೆ ಫೋನ್ ಮಾಡಿ, ಈಗಲೇ ಕರೆತರುತ್ತೇವೆ ಎಂದರು.

ಅವಳು ಕೇಂದ್ರದಿಂದ ತಂದಿದ್ದ ಅವನ ಹಾಳೆಯನ್ನು ಮೊಣಕಾಲ ಮೇಲೆ ಹಾಸಿ ಪೆನ್ನು ತೆಗೆದಳು. "ಈಗ ಹೇಳಿ. ಹೇಳಿದ ಹಾಗೇ ಬರೀತೀನಿ."

ಟೈಲರ್ ಮೂಗು ಒರೆಸಿಕೊಂಡು ಹೇಳಿದ. ಸ್ಕೇಲಿನ ಗೆರೆಯ ಕೆಳಗೆ ಅವಳು ಬರೆದಳು. ಅವನು ಹಾಳೆ ಇಸಿದುಕೊಂಡು ಓದಿ ನೋಡಿದ.

"ನಿನ್ನದೂ ಒಂದು ಇರಬೇಕಲ್ಲ. ಅದರಲ್ಲೇನಿದೆ?"

"ಯಾರೋ ಸಾಯ್ತಿದಾರೆ, ನನಗೊಬ್ಬಳಿಗೇ ಗೊತ್ತು ಅಂದ್ರೆ ನನ್ನ ನಂಬಬೇಡಿ ಅಂತಿದೆ."

ಟೈಲರ್ ತಲೆಯೆತ್ತಿ ಮುಖ್ಯಸ್ಥೆಯನ್ನು ನೋಡಿದ. "ಮತ್ತೆ ನೀವು ನಂಬಿದ್ರಲ್ಲ?"

"ನಂಬಲಿಲ್ಲ," ಅಂದರು ಮುಖ್ಯಸ್ಥೆ. ಅವರ ಕಣ್ಣು ತುಂಬಿತ್ತು. "ದಾರಿಯುದ್ದಕ್ಕೂ ನಂಬಲಿಲ್ಲ. ಜೊತೆಗೆ ಬಂದೆ."

ಹೊರಡುವಾಗ ಟೈಲರ್ ದೀಪ ಆರಿಸಿ, ರೇಡಿಯೋ ನಿಲ್ಲಿಸಿದ. ಬೀಗ ಕೈಯಲ್ಲಿ ಹಿಡಿದು ಹೊಸ್ತಿಲಲ್ಲಿ ನಿಂತವನು ಹಿಂತಿರುಗಿ ಬರಿದಾದ ಸರಳನ್ನು ನೋಡಿದ. ಅವಳು ಆ ನೋಟವನ್ನು ನೋಡಿದಳು. ತೊಟ್ಟಿದ್ದ ಬೂದು ಕೋಟನ್ನು ಬಿಚ್ಚಿ, ಒಳಗೆ ಹೋಗಿ, ಸರಳಿಗೆ ತೂಗುಹಾಕಿದಳು.

"ಅದು ಮುಗಿದಿದೆ ತಂಗಿ."

"ಗೊತ್ತು. ಇರಲಿ."

"ಎಷ್ಟು ದಿನ ಇರಲಿ? ಯಾವಾಗ ತಗೊಂಡು ಹೋಗ್ತೀಯಾ?"

"ನಾಳೆ," ಅಂದಳು.

ಟೈಲರ್ ಅವಳನ್ನೊಮ್ಮೆ ದುರುಗುಟ್ಟಿ ನೋಡಿದ, ಮೂವತ್ತು ವರ್ಷ ಗಿರಾಕಿಗಳು ಅವನನ್ನು ನೋಡುತ್ತಿದ್ದ ಹಾಗೆ. ಆಮೇಲೆ ಶಟರು ಎಳೆದು ಬೀಗ ಹಾಕಿ, ಎರಡು ಸಲ ಜಗ್ಗಿ ನೋಡಿದ. ಹೊರಗೆ ಗಾಳಿ ತಣ್ಣಗಿತ್ತು. ಅವಳು ಅಂಗಿಯ ತೋಳು ಇಳಿಸಿಕೊಂಡು, ನೋಯುವ ದವಡೆಯನ್ನು ಒತ್ತಿ ಹಿಡಿದುಕೊಂಡು, ಇಬ್ಬರ ನಡುವೆ ಬಸ್‌ಸ್ಟಾಪಿನ ಕಡೆ ನಡೆದಳು.